ಗ್ರಾನಡಾ ಸುಲ್ತಾನರ ತರಕಾರಿ ತೋಟ

ಅಂದಲುಸ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ಎರಡು ಚಿತ್ರಗಳು ನೆನಪಾಗುತ್ತವೆ. ಒಂದು, ಅಲ್‌ಹಂಬ್ರ ಅರಮನೆಯ ಕೆತ್ತನೆಯ ಕಮಾನುಗಳು. ಇನ್ನೊಂದು, 1492ರ ಜನವರಿ 2ರಂದು ಗ್ರಾನಡಾವನ್ನು ಒಪ್ಪಿಸಿ ಹೊರಟ ಕೊನೆಯ ಸುಲ್ತಾನ ಅಬೂ ಅಬ್ದಿಲ್ಲಾಹ್ ಗುಡ್ಡದ ತಿರುವಿನಲ್ಲಿ ನಿಂತು ಹಿಂದಿರುಗಿ ನೋಡಿ ಅತ್ತನೆಂಬ ದಂತಕಥೆ. ಮಿಂಬರ್‌ಗಳಲ್ಲಿ, ಪುಸ್ತಕಗಳಲ್ಲಿ, ಈಗ ಮೊಬೈಲ್‌ನ ವೀಡಿಯೊಗಳಲ್ಲಿ ಇವೆರಡನ್ನೂ ನಾವು ಮತ್ತೆ ಮತ್ತೆ ಕೇಳುತ್ತೇವೆ, ನೋಡುತ್ತೇವೆ. ಕೇಳಿ ನಿಟ್ಟುಸಿರು ಬಿಟ್ಟು ಎದ್ದು ಹೋಗುತ್ತೇವೆ.

ಆದರೆ ಅದೇ ಅಲ್‌ಹಂಬ್ರದ ಎದುರಿನ ಗುಡ್ಡದಲ್ಲಿ ಸುಲ್ತಾನರ ಒಂದು ತೋಟದ ಮನೆಯಿದೆ. ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತರಕಾರಿ ತೋಟಗಳಿವೆ. ಸುಲ್ತಾನರು ಹೋಗಿ ಐದು ಶತಮಾನಗಳೇ ಕಳೆದರೂ ಆ ನೆಲದಲ್ಲಿ ಇಂದಿಗೂ ಬದನೆ, ಬೀನ್ಸ್, ಆರ್ಟಿಚೋಕ್ ಬೆಳೆಯುತ್ತಾರೆ. ಅಂಚಿನಲ್ಲಿ ಅಂಜೂರ, ದಾಳಿಂಬೆ, ಬಾದಾಮಿ ಮರಗಳಿವೆ. ಅರಮನೆಯ ಗೋಡೆಗಳ ಬಗ್ಗೆ ನಮ್ಮ ಜನರಿಗೆ ಗೊತ್ತಿರುವಷ್ಟು ಈ ಪಾತಿಗಳ ಬಗ್ಗೆ ಗೊತ್ತಿಲ್ಲ. ಒಂದು ಸಮುದಾಯ ತನ್ನ ಹಿಂದೆ ಏನನ್ನು ಬಿಟ್ಟುಹೋಗುತ್ತದೆ, ಬಿಟ್ಟುಹೋದದ್ದರಲ್ಲಿ ಯಾವುದು ಉಳಿಯುತ್ತದೆ ಎಂಬ ಪ್ರಶ್ನೆಗೆ ಈ ತರಕಾರಿ ತೋಟ ಅರಮನೆಗಿಂತ ಸ್ಪಷ್ಟವಾದ ಉತ್ತರ ಕೊಡುತ್ತದೆ ಎಂದು ನಮಗೆ ತೋರುತ್ತದೆ. ಆದ್ದರಿಂದ ಈ ತಿಂಗಳು ಅದರ ಚರಿತ್ರೆಯನ್ನು ಓದುಗರ ಮುಂದಿಡುತ್ತಿದ್ದೇವೆ.

ನೀರು ಮೊದಲು, ಮನೆ ಆಮೇಲೆ

13ನೇ ಶತಮಾನದ ಮೊದಲರ್ಧ ಅಂದಲುಸಿನ ಮುಸ್ಲಿಮರಿಗೆ ಬಹಳ ಕಷ್ಟದ ಕಾಲ. 1236ರಲ್ಲಿ ಕುರ್ತುಬಾ (ಇಂದಿನ ಕಾರ್ಡೊಬಾ), 1238ರಲ್ಲಿ ಬಲನ್ಸಿಯಾ (ವೆಲೆನ್ಸಿಯಾ), 1248ರಲ್ಲಿ ಇಶ್ಬೀಲಿಯಾ (ಸೆವಿಲ್) ಒಂದೊಂದಾಗಿ ಕೈತಪ್ಪಿದವು. ಅಲ್ಲಿಂದ ಹೊರಟವರಲ್ಲಿ ಬಹಳ ಜನ ಗ್ರಾನಡಾಕ್ಕೆ ಬಂದು ನೆಲೆಸಿದರು. ನಸ್ರಿದ್ ಮನೆತನದ ಮೊದಲ ಸುಲ್ತಾನ ಒಂದನೇ ಮುಹಮ್ಮದ್ 1238ರಲ್ಲಿ ಗ್ರಾನಡಾಕ್ಕೆ ಬಂದು ಗುಡ್ಡದ ಮೇಲೆ ಕೋಟೆ ಕಟ್ಟಿಸಲು ಹೊರಟಾಗ ಎದುರಾದ ಮೊದಲ ತೊಡಕು ನೀರಿನದ್ದು. ಗುಡ್ಡ ಎತ್ತರದಲ್ಲಿದೆ, ದಾರ್ರೊ ನದಿ ಕೆಳಗೆ ಕಣಿವೆಯಲ್ಲಿ ಹರಿಯುತ್ತದೆ.

ಅಂದಿನ ಜನ ಕಂಡುಕೊಂಡ ಉಪಾಯ ಸರಳವಾದದ್ದು, ಆದರೆ ಅದಕ್ಕೆ ಬೇಕಾದ ಲೆಕ್ಕ ಸೂಕ್ಷ್ಮವಾದದ್ದು. ಸುಮಾರು 6 ಕಿಲೋಮೀಟರ್ ಮೇಲ್ಗಡೆ, ನದಿ ಇನ್ನೂ ಎತ್ತರದಲ್ಲಿರುವಾಗಲೇ, ಕಟ್ಟ ಹಾಕಿ ನೀರನ್ನು ತಿರುಗಿಸಿದರು. ಗುಡ್ಡದ ಮೈಯನ್ನು ಬಳಸಿಕೊಂಡು, ಕಂಡೂ ಕಾಣದಷ್ಟು ಇಳಿಜಾರಿನಲ್ಲಿ ಕಾಲುವೆ ತಂದರು. ಇದಕ್ಕೆ ರಾಜ ಕಾಲುವೆ ಎಂದು ಹೆಸರು. ಈ ಕಾಲುವೆ ಅಲ್‌ಹಂಬ್ರಕ್ಕೆ ಹೋಗುವ ಮೊದಲು ಎದುರಿನ ಗುಡ್ಡವನ್ನು ಹಾದುಹೋಗುತ್ತದೆ. ಆ ಗುಡ್ಡದಲ್ಲಿಯೇ ಎರಡನೇ ಮುಹಮ್ಮದ್ (1273–1302) ಕಾಲದಲ್ಲಿ ತೋಟದ ಮನೆಯ ಕೆಲಸ ಮೊದಲಾಯಿತೆಂದು ಚರಿತ್ರೆಕಾರರು ಹೇಳುತ್ತಾರೆ. 1319ರಲ್ಲಿ ಸುಲ್ತಾನ ಇಸ್ಮಾಈಲ್ ಅದನ್ನು ನವೀಕರಿಸಿದ ವಿಷಯ ಅಲ್ಲಿನ ಗೋಡೆ ಬರಹದಲ್ಲಿದೆ. ಅದಕ್ಕಿಟ್ಟ ಹೆಸರು ಜನ್ನತುಲ್ ಆರಿಫ್. ಆರಿಫ್ ಅಂದರೆ ಬಲ್ಲವನು. ಅಂದಲುಸಿನ ಬಳಕೆಯಲ್ಲಿ ಕಟ್ಟಡ ಕೆಲಸ ಬಲ್ಲ ಮೇಸ್ತ್ರಿಗೂ ಇದೇ ಹೆಸರಿತ್ತು. ಸ್ಪೇನಿನವರ ಬಾಯಲ್ಲಿ ಜನ್ನತುಲ್ ಆರಿಫ್ ಇಂದು ‘ಹೆನೆರಾಲಿಫೆ’ ಆಗಿದೆ.

ಅಂದರೆ ಇಲ್ಲಿ ನೀರು ಮೊದಲು ಬಂತು, ಮನೆ ಆಮೇಲೆ ಬಂತು. ಮನೆಯ ನಡು ಅಂಗಳದ ಉದ್ದಕ್ಕೂ ಅದೇ ಕಾಲುವೆ ಹರಿಯುತ್ತದೆ. ಮನೆಯ ಮೇಲ್ಗಡೆ ಒಂದು ಮೆಟ್ಟಿಲ ಸಾಲಿದೆ. ಅದರ ಎರಡು ಬದಿಯ ಕೈಗೋಡೆಗಳ ಮೇಲೆಯೇ ನೀರು ಹರಿದು ಇಳಿಯುತ್ತದೆ. ಮೆಟ್ಟಿಲ ತುದಿಯಲ್ಲಿ ನಮಾಝಿನ ಸಣ್ಣ ಸ್ಥಳವಿತ್ತೆಂದು ಪಂಡಿತರು ಭಾವಿಸುತ್ತಾರೆ. ಹತ್ತುವವರು ಹತ್ತುತ್ತಲೇ ವುಝೂ ಮಾಡಿಕೊಳ್ಳಬಹುದಿತ್ತು.

ಸುಲ್ತಾನನ ದಾರಿ ತರಕಾರಿಯ ನಡುವೆ

ಈ ಮನೆಯ ಕೆಳಗೆ ನಾಲ್ಕು ದೊಡ್ಡ ತೋಟಗಳಿದ್ದವು. ಇಳಿಜಾರು ನೆಲವಾದ್ದರಿಂದ ದಪ್ಪ ಕಲ್ಲುಗೋಡೆಗಳನ್ನು ಕಟ್ಟಿ, ಮಣ್ಣು ತಡೆದು, ಮಟ್ಟ ಮಾಡಿ ಪಾತಿಗಳನ್ನು ಮಾಡಿದ್ದರು. ನಮ್ಮ ಮಲೆನಾಡಿನಲ್ಲಿ ಗುಡ್ಡದ ಅಂಚಿನ ಗದ್ದೆಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಲುವೆಗಿಂತ ಎತ್ತರದಲ್ಲಿದ್ದ ನೆಲಕ್ಕೆ ನೀರೆತ್ತುವ ಚಕ್ರ ಮತ್ತು ಕೊಳ ಇತ್ತು. ಕಾಲುವೆಯಿಂದ ಒಡೆದು ಮೇಲ್ಗಡೆ ಸಾಗುವ ಒಂದು ಕವಲಿಗೆ ಇಂದಿಗೂ ‘ತೆರ್ಸಿಯೊ’ ಎಂಬ ಹೆಸರಿದೆ. ತೆರ್ಸಿಯೊ ಎಂದರೆ ಮೂರನೆಯ ಒಂದು ಪಾಲು. ನೀರಿನ ಹಂಚಿಕೆ ಹೆಸರಿನಲ್ಲೇ ಉಳಿದುಬಿಟ್ಟಿದೆ.

ಒಂದು ವಿಷಯ ಗಮನಿಸಬೇಕು. ಅಲ್‌ಹಂಬ್ರದಿಂದ ಸುಲ್ತಾನ ತನ್ನ ತೋಟದ ಮನೆಗೆ ಬರುತ್ತಿದ್ದ ಹಳೆಯ ದಾರಿ ಈ ತರಕಾರಿ ತೋಟಗಳ ಗೋಡೆಗಳ ನಡುವೆಯೇ ಹಾದುಬರುತ್ತದೆ. ದಾರಿಯ ಕೊನೆಯಲ್ಲಿ ಕುದುರೆಯಿಂದ ಇಳಿಯಲು ಕಲ್ಲಿನ ಕಟ್ಟೆಗಳಿರುವ ಒಂದು ಸಾದಾ ಅಂಗಳ. ಅಂದಿನ ಜನ ಇಂಥ ಎಸ್ಟೇಟನ್ನು ‘ಮುನ್ಯಾ’ ಎನ್ನುತ್ತಿದ್ದರು. ವಾಸಕ್ಕೆ ಮನೆ, ಅಡುಗೆಗೆ ತರಕಾರಿ, ಮಾರಲು ಹಣ್ಣು, ದನ ಕುದುರೆಗಳಿಗೆ ಮೇವು ಎಲ್ಲವೂ ಒಂದೇ ಆವರಣದಲ್ಲಿ. ಹೂವಿನ ತೋಟ ಬೇರೆ, ತರಕಾರಿ ತೋಟ ಬೇರೆ, ಒಂದು ಮೇಲು, ಇನ್ನೊಂದು ಕೀಳು ಎಂಬ ಭೇದ ಅಲ್ಲಿ ಇರಲಿಲ್ಲ. ಅಲ್‌ಮರಿಯಾದ ವಿದ್ವಾಂಸ ಇಬ್ನ್ ಲುಯೂನ್ 1348ರಲ್ಲಿ ಕೃಷಿಯ ಬಗ್ಗೆ ಪದ್ಯರೂಪದ ಗ್ರಂಥ ಬರೆದರು. ತೋಟದ ಮನೆ ಹೇಗಿರಬೇಕೆಂದು ಅದರಲ್ಲಿ ವಿವರಿಸಿದ್ದಾರೆ: ಮನೆ ಎತ್ತರದಲ್ಲಿರಬೇಕು, ದಕ್ಷಿಣಕ್ಕೆ ಮುಖ ಮಾಡಿರಬೇಕು, ಹತ್ತಿರದಲ್ಲಿ ಬಾವಿ ಅಥವಾ ಕೊಳ ಇರಬೇಕು, ಅದರ ಸುತ್ತ ಹಸಿರು ಗಿಡ, ಮುಂದೆ ಹೂವು, ಆಮೇಲೆ ದ್ರಾಕ್ಷಿ ಬಳ್ಳಿ, ಅಂಚಿನಲ್ಲಿ ಹಣ್ಣಿನ ಮರಗಳು.

ಇಬ್ನ್ ಲುಯೂನ್ ಒಬ್ಬರೇ ಅಲ್ಲ. ಅವರಿಗಿಂತ ಮೊದಲು 11ನೇ ಶತಮಾನದಲ್ಲಿ ತುಲೈತುಲಾದ (ಟೊಲೆಡೊ) ಇಬ್ನ್ ಬಸ್ಸಾಲ್, 12ನೇ ಶತಮಾನದ ಕೊನೆಯಲ್ಲಿ ಸೆವಿಲ್‌ನ ಇಬ್ನುಲ್ ಅವ್ವಾಮ್ ಕೃಷಿ ಗ್ರಂಥಗಳನ್ನು ಬರೆದಿದ್ದರು. ಇಬ್ನುಲ್ ಅವ್ವಾಮ್‌ರ ‘ಕಿತಾಬುಲ್ ಫಿಲಾಹಾ’ದಲ್ಲಿ 585 ಗಿಡಗಳ ಪ್ರಸ್ತಾಪವಿದೆ. ಗೊಬ್ಬರ, ಕಸಿ, ಮಣ್ಣಿನ ಗುಣ, ನೀರು ಬಿಡುವ ಹೊತ್ತು ಎಲ್ಲವೂ ಅದರಲ್ಲಿದೆ. ವಿದ್ವಾಂಸರು ಸಗಣಿ ಗೊಬ್ಬರದ ಬಗ್ಗೆ ಅಧ್ಯಾಯಗಳನ್ನು ಬರೆದರೆ ಅವರ ಗೌರವ ಕುಂದುತ್ತದೆಂದು ಆ ಸಮಾಜ ಭಾವಿಸಿರಲಿಲ್ಲ. ಇಂದು ನಮ್ಮ ಹುಡುಗರು ಕೃಷಿ ಕೆಲಸವನ್ನು ಓದು ತಲೆಗೆ ಹತ್ತದವರ ಕೆಲಸ ಎಂದು ತಿಳಿದಿರುವಾಗ ಈ ಮಾತು ನೆನಪಿರುವುದು ಒಳ್ಳೆಯದು.

ಬದನೆಯ ಪ್ರಯಾಣ

ಈ ತೋಟದ ಪಾತಿಗಳಿಗೂ ನಮ್ಮ ಅಡುಗೆ ಮನೆಗೂ ಒಂದು ನಿಜವಾದ ನಂಟಿದೆ. ಬದನೆ, ಕಬ್ಬು, ಭತ್ತ, ನಿಂಬೆ, ಕಿತ್ತಳೆ ಇವು ಯುರೋಪಿನ ನೆಲದಲ್ಲಿ ಹುಟ್ಟಿದವಲ್ಲ. ಭಾರತ ಮತ್ತು ಅದರಾಚೆಯ ಪೂರ್ವದ ನಾಡುಗಳಿಂದ ಪಾರ್ಸಿಗಳ ದೇಶಕ್ಕೆ, ಅಲ್ಲಿಂದ ಅರಬ್ ನಾಡುಗಳಿಗೆ, ಅಲ್ಲಿಂದ ಅಂದಲುಸಿಗೆ ಹೋದವು. ದಾರಿಯುದ್ದಕ್ಕೂ ಹೆಸರುಗಳನ್ನೂ ಕೊಂಡೊಯ್ದವು. ಬದನೆಗೆ ಅರಬಿಯಲ್ಲಿ ಬಾದಿಂಜಾನ್. ಆ ಹೆಸರು ಪಾರ್ಸಿಯಿಂದ ಬಂದದ್ದು, ಪಾರ್ಸಿಗೆ ಅದು ಭಾರತದ ನುಡಿಗಳಿಂದ ಹೋದದ್ದು. ಸ್ಪ್ಯಾನಿಷ್‌ನಲ್ಲಿ ಅದು ‘ಬೆರೆನ್‌ಹೇನಾ’ ಆಯಿತು, ಪೋರ್ಚುಗೀಸರ ಬಾಯಲ್ಲಿ ‘ಬೆರಿಂಜೆಲಾ’ ಆಯಿತು. ಪೋರ್ಚುಗೀಸರು ಹಡಗು ಹತ್ತಿ ನಮ್ಮ ಪಶ್ಚಿಮ ಕರಾವಳಿಗೆ ಬಂದ ಮೇಲೆ ಅದೇ ಹೆಸರು ‘ಬ್ರಿಂಜಾಲ್’ ಆಗಿ ಹುಟ್ಟಿದೂರಿಗೆ ಮರಳಿತು. ಸಕ್ಕರೆಯೂ ಹಾಗೆಯೇ. ನಾವು ಸಕ್ಕರೆ ಎನ್ನುತ್ತೇವೆ, ಅರಬರು ಸುಕ್ಕರ್, ಸ್ಪೇನಿನವರು ಅಸೂಕರ್.

13ನೇ ಶತಮಾನದಲ್ಲಿ ಮುರ್ಸಿಯಾದಲ್ಲಿ ಹುಟ್ಟಿ, ದೇಶ ಬಿಟ್ಟು ಟ್ಯೂನಿಸ್ ಸೇರಿದ ಇಬ್ನ್ ರಝೀನ್ ಎಂಬ ವಿದ್ವಾಂಸ ಅಂದಲುಸಿನ ಅಡುಗೆಗಳ ದೊಡ್ಡ ಪುಸ್ತಕವೊಂದನ್ನು ಬರೆದರು. ಅದರಲ್ಲಿ ತರಕಾರಿಗೇ ಪ್ರತ್ಯೇಕ ಭಾಗವಿದೆ. ಅದರೊಳಗೆ ಬದನೆಗೆ ಸಿಕ್ಕ ಜಾಗ ಸಣ್ಣದಲ್ಲ. ಊರು ಬಿಟ್ಟವನು ಊರನ್ನು ನೆನೆಯಲು ಕವಿತೆ ಬರೆಯುವುದುಂಟು. ಈತ ಅಡುಗೆ ಬರೆದ. ಕೊಲ್ಲಿ ನಾಡುಗಳಲ್ಲಿ ದುಡಿಯುವ ನಮ್ಮ ಮಕ್ಕಳು ಫೋನ್ ಮಾಡಿ ತಾಯಿಯ ಬಳಿ ಸಾರಿನ ಅಳತೆ ಕೇಳುವುದನ್ನು ಕಂಡವರಿಗೆ ಅವನ ಮನಸ್ಸು ಅರ್ಥವಾಗುತ್ತದೆ.

ಒಡೆಯ ಬದಲಾದ, ಬಳಕೆಯೂ ಬದಲಾಯಿತು

1491ರ ನವೆಂಬರ್ 25ರಂದು ಗ್ರಾನಡಾದ ಒಪ್ಪಂದಕ್ಕೆ ಸಹಿ ಬಿತ್ತು. ಮುಸ್ಲಿಮರ ಆಸ್ತಿ, ಮಸೀದಿ, ವಕ್ಫ್ ಆದಾಯ ಎಲ್ಲವೂ ಅವರ ಕೈಯಲ್ಲೇ ಇರುತ್ತವೆಂದು ಅದರಲ್ಲಿ ಬರೆದಿತ್ತು. ಹತ್ತು ವರ್ಷ ಕಳೆಯುವುದರೊಳಗೆ ಆ ಮಾತು ಮುರಿಯಿತು. ಬಲವಂತದ ಮತಾಂತರ ನಡೆಯಿತು, ಮಸೀದಿಗಳು ಚರ್ಚುಗಳಾದವು, ಅವುಗಳ ಖರ್ಚಿಗೆಂದು ಬಿಟ್ಟಿದ್ದ ವಕ್ಫ್ ಭೂಮಿಯೂ ಕೈಬದಲಾಯಿತು. ಹೆನೆರಾಲಿಫೆಯನ್ನು ರಾಜಮನೆತನ ತನ್ನದಾಗಿಸಿಕೊಂಡು ಅದಕ್ಕೆ ಒಬ್ಬ ಪಾಲಕನನ್ನು ನೇಮಿಸಿತು. 16ನೇ ಶತಮಾನದಲ್ಲಿ ಆ ಪಾಲಕತ್ವ ಮದುವೆಯ ಸಂಬಂಧದ ಮೂಲಕ ಗ್ರಾನಡಾ ವೆನೆಗಾಸ್ ಎಂಬ ಮನೆತನಕ್ಕೆ ಹೋಯಿತು. ಈ ಮನೆತನ ಯಾರದ್ದು ಗೊತ್ತೇ? ಕ್ರೈಸ್ತ ಮತಕ್ಕೆ ಸೇರಿದ ಒಬ್ಬ ನಸ್ರಿದ್ ರಾಜಕುಮಾರನ ವಂಶ! ಸುಲ್ತಾನರ ತೋಟ ಸುಲ್ತಾನರ ರಕ್ತಕ್ಕೇ ಮರಳಿತು. ಆದರೆ ಬೇರೆ ಹೆಸರಿನಲ್ಲಿ, ಬೇರೆ ಧರ್ಮದಲ್ಲಿ.

ತೋಟದ ಬಳಕೆಯೂ ಈಗ ಬದಲಾಯಿತು. ಅಲ್‌ಹಂಬ್ರದಲ್ಲಿ ದಿನವೂ ಉಣ್ಣುವ ಸುಲ್ತಾನನ ಪರಿವಾರ ಇರಲಿಲ್ಲ. ಅರಮನೆಗೆ ತರಕಾರಿ ಕೊಡುತ್ತಿದ್ದ ನೆಲ ಇನ್ನು ಮುಂದೆ ಪಾಲಕರ ಮನೆತನಕ್ಕೆ ಆದಾಯ ತರುವ ಗೇಣಿ ಭೂಮಿಯಾಯಿತು. ರೈತರು ಬೆಳೆದರು, ಪೇಟೆಗೆ ಒಯ್ದರು, ಒಡೆಯನಿಗೆ ಪಾಲು ಕೊಟ್ಟರು. ಮೇಲಿನ ಮನೆ ಶಿಥಿಲವಾಗುತ್ತಾ ಬಂದಾಗಲೂ ಕೆಳಗಿನ ಪಾತಿಗಳಿಗೆ ನೀರು ಹರಿಯುತ್ತಲೇ ಇತ್ತು. ಯಾಕೆಂದರೆ ಮನೆಗೆ ಸುಣ್ಣ ಬಳಿಯದಿದ್ದರೆ ಹತ್ತು ವರ್ಷ ನಡೆದೀತು, ಪಾತಿಗೆ ನೀರು ಬಿಡದಿದ್ದರೆ ಬೇಸಿಗೆಯಲ್ಲಿ ಹತ್ತು ದಿನ ನಡೆಯದು.

ಪಾತಿಗಳಲ್ಲಿನ ಬೆಳೆಗಳೂ ಬದಲಾದವು. ಗ್ರಾನಡಾ ಶರಣಾದ ಅದೇ 1492ರಲ್ಲಿ, ಏಪ್ರಿಲ್ 17ರಂದು, ಗ್ರಾನಡಾ ಬಳಿಯ ಸಾಂತಾ ಫೆ ಎಂಬ ಮುತ್ತಿಗೆಯ ಶಿಬಿರದೂರಿನಲ್ಲಿ ರಾಜ ರಾಣಿಯರು ಕೊಲಂಬಸನ ಯಾನದ ಒಪ್ಪಂದಕ್ಕೆ ಸಹಿ ಹಾಕಿದರು. ಆ ಯಾನದ ನಂತರ ಸಾಗರದಾಚೆಯಿಂದ ಟೊಮೆಟೊ, ಮೆಣಸಿನಕಾಯಿ, ಮೆಕ್ಕೆಜೋಳ, ಆಲೂಗಡ್ಡೆ, ಬೀನ್ಸ್ ಸ್ಪೇನಿನ ತೋಟಗಳಿಗೆ ಬಂದವು. ನಮ್ಮ ಕಡೆಗೆ ಅವು ಪೋರ್ಚುಗೀಸರ ಹಡಗಿನಲ್ಲಿ ಬಂದವು. ಅದಕ್ಕಿಂತ ಮೊದಲು ನಮ್ಮ ಸಾರಿಗೆ ಖಾರ ಕೊಡುತ್ತಿದ್ದದ್ದು ಕರಿಮೆಣಸು. ಅಂದರೆ ಇಂದು ಹೆನೆರಾಲಿಫೆಯ ಪಾತಿಯಲ್ಲಿ ಬದನೆಯ ಪಕ್ಕದಲ್ಲಿ ಬೀನ್ಸ್ ಕಂಡರೆ, ಒಂದು ಪೂರ್ವದಿಂದ ಮುಸ್ಲಿಮರ ಕೈಯಲ್ಲಿ ಬಂದದ್ದು, ಇನ್ನೊಂದು ಮುಸ್ಲಿಮರು ಸೋತ ಮೇಲೆ ಪಶ್ಚಿಮದಿಂದ ಬಂದದ್ದು. ಮಣ್ಣು ಎರಡನ್ನೂ ಒಪ್ಪಿಕೊಂಡಿದೆ.

ಕೈಗಳನ್ನು ಕಳೆದುಕೊಂಡ ನೆಲ

ಆದರೆ ಆ ನೆಲವನ್ನು ಕಾಯುತ್ತಿದ್ದ ಜನ? ಮತಾಂತರದ ನಂತರವೂ ಗ್ರಾನಡಾ ನಾಡಿನಲ್ಲಿ ಹೊಲ ತೋಟಗಳ ದುಡಿಮೆಯ ದೊಡ್ಡ ಪಾಲು ಮೊರಿಸ್ಕೊ ಎಂದು ಕರೆಯಲ್ಪಟ್ಟ ಹಳೆಯ ಮುಸ್ಲಿಮ್ ಕುಟುಂಬಗಳದ್ದೇ ಆಗಿತ್ತು. 1567ರ ಆಜ್ಞೆ ಅವರ ಅರಬಿ ಭಾಷೆಯನ್ನು, ಉಡುಪನ್ನು, ಸ್ನಾನಗೃಹಗಳನ್ನು ನಿಷೇಧಿಸಿತು. ಮರುವರ್ಷ ದಂಗೆ ಎದ್ದಿತು. 1570ರಲ್ಲಿ ಗ್ರಾನಡಾದ ಮೊರಿಸ್ಕೊಗಳನ್ನು ಮನೆಮಠಗಳಿಂದ ಎಬ್ಬಿಸಿ ದೇಶದ ಬೇರೆ ಬೇರೆ ಭಾಗಗಳಿಗೆ ಚದುರಿಸಿದರು. 1609ರಿಂದ 1614ರವರೆಗೆ ಇಡೀ ಸ್ಪೇನಿನಿಂದಲೇ ಸುಮಾರು 3 ಲಕ್ಷ ಜನರನ್ನು ಹೊರಹಾಕಿದರು.

ಈ ಸಂದರ್ಭದ ಒಂದು ವಿವರ ನಮ್ಮನ್ನು ಬಹಳ ಯೋಚನೆಗೆ ಹಚ್ಚುತ್ತದೆ. 1609ರಲ್ಲಿ ವೆಲೆನ್ಸಿಯಾದಲ್ಲಿ ಹೊರಡಿಸಿದ ಗಡೀಪಾರು ಆಜ್ಞೆಯಲ್ಲಿ ಒಂದು ವಿನಾಯಿತಿ ಇತ್ತು. ನೂರು ಮನೆಗಳಿಗೆ ಆರು ಮನೆಗಳವರು ಉಳಿಯಬಹುದು ಎಂದು ಬರೆದಿತ್ತು. ಕಾರಣ ಕರುಣೆ ಅಲ್ಲ. ಸಕ್ಕರೆ ಗಾಣಗಳನ್ನು, ಭತ್ತದ ಬೆಳೆಯನ್ನು, ನೀರಾವರಿ ಕಾಲುವೆಗಳನ್ನು ನೋಡಿಕೊಂಡು, ಹೊಸದಾಗಿ ಬರುವವರಿಗೆ ಆ ಕೆಲಸ ಕಲಿಸಿಕೊಡಲು ಯಾರಾದರೂ ಬೇಕಿತ್ತು. ಭೂಮಿಯನ್ನು ಕಾಗದದ ಮೇಲೆ ಕಿತ್ತುಕೊಳ್ಳಬಹುದು, ನೀರನ್ನು ಯಾವ ಹೊತ್ತಿಗೆ ಯಾವ ಪಾತಿಗೆ ತಿರುಗಿಸಬೇಕೆಂಬ ತಿಳಿವಳಿಕೆಯನ್ನು ಕಾಗದದ ಮೇಲೆ ಕಿತ್ತುಕೊಳ್ಳಲಾಗದು ಎಂಬುದು ಆಜ್ಞೆ ಬರೆದವರಿಗೂ ಗೊತ್ತಿತ್ತು. ಆದರೂ ಬಹುಪಾಲು ಜನ ತಮ್ಮವರನ್ನು ಬಿಟ್ಟು ಉಳಿಯಲಿಲ್ಲ.

ಹೋದವರು ಬರಿಗೈಯಲ್ಲಿ ಹೋದರೂ ಕೈಯ ವಿದ್ಯೆ ಅವರ ಜೊತೆ ಹೋಯಿತು. ಟ್ಯುನೀಸಿಯಾದ ಮಜರ್ದಾ ನದಿಯ ಬಯಲಿನಲ್ಲಿ ತಸ್ತೂರ್ ಎಂಬ ಊರನ್ನು ಕಟ್ಟಿದವರು ಇದೇ ನಿರಾಶ್ರಿತರು. ಆ ಊರು ಇಂದಿಗೂ ದಾಳಿಂಬೆಗೆ ಹೆಸರುವಾಸಿ. ದಾಳಿಂಬೆಗೂ ಅಂದಲುಸಿಗೂ ಹಳೆಯ ಸಂಬಂಧ. ಎಂಟನೇ ಶತಮಾನದಲ್ಲಿ ಸಿರಿಯಾದಿಂದ ತಪ್ಪಿಸಿಕೊಂಡು ಬಂದು ಕುರ್ತುಬಾದಲ್ಲಿ ಆಡಳಿತ ಕಟ್ಟಿದ ಒಂದನೇ ಅಬ್ದುರ್ರಹ್ಮಾನ್, ತನ್ನ ಅಜ್ಜನ ಊರ ನೆನಪಿಗೆ ರುಸಾಫಾ ಎಂಬ ತೋಟ ಮಾಡಿಸಿದ್ದ. ಸಿರಿಯಾದ ದಾಳಿಂಬೆ ಅಲ್ಲಿಗೆ ಬಂದಾಗ ಸಫರ್ ಎಂಬ ವ್ಯಕ್ತಿ ಅದರ ಬೀಜದಿಂದ ಗಿಡ ಬೆಳೆಸಿದ. ‘ಸಫರೀ’ ಎಂಬ ಆ ತಳಿಯ ಹೆಸರು ಸ್ಪ್ಯಾನಿಷ್‌ನಲ್ಲಿ ಇನ್ನೂ ಇದೆ. ನಿರಾಶ್ರಿತನೊಬ್ಬನ ತೋಟಕ್ಕೆ ಬಂದ ಹಣ್ಣು ಎಂಟು ಶತಮಾನಗಳ ನಂತರ ಮತ್ತೆ ನಿರಾಶ್ರಿತರಿಗೆ ಅನ್ನ ಕೊಟ್ಟಿತು.

ಇತ್ತ ಸ್ಪೇನಿನಲ್ಲಿ ಏನಾಯಿತು? ಗಡೀಪಾರಿನ ಎರಡು ಶತಮಾನಗಳ ಬಳಿಕ, 1802ರಲ್ಲಿ, ಮ್ಯಾಡ್ರಿಡ್‌ನಲ್ಲಿ ಇಬ್ನುಲ್ ಅವ್ವಾಮ್‌ರ ಕೃಷಿ ಗ್ರಂಥವನ್ನು ಅರಬಿ ಮೂಲದ ಜೊತೆ ಸ್ಪ್ಯಾನಿಷ್‌ಗೆ ಅನುವಾದಿಸಿ ಅಚ್ಚು ಹಾಕಿದರು. ದೇಶದ ಬೇಸಾಯ ಸುಧಾರಿಸಲು ಅದು ನೆರವಾಗಲಿ ಎಂಬುದು ಉದ್ದೇಶ. ಹೊಲದಲ್ಲಿ ನಿಂತು ಕಲಿಸಬಲ್ಲವರನ್ನು ಕಳುಹಿಸಿಬಿಟ್ಟು, ಆಮೇಲೆ ಪುಸ್ತಕ ತೆರೆದು ಓದಬೇಕಾಯಿತು.

ತೋಟ ಪ್ರದರ್ಶನಕ್ಕೆ ಬಂದಾಗ

ಹೆನೆರಾಲಿಫೆಯ ಒಡೆತನದ ಬಗ್ಗೆ 19ನೇ ಶತಮಾನದಲ್ಲಿ ಸ್ಪೇನ್ ಸರಕಾರಕ್ಕೂ ಆ ಮನೆತನದ ವಾರಸುದಾರರಿಗೂ ವ್ಯಾಜ್ಯ ಶುರುವಾಯಿತು. ಅದು ಸುಮಾರು ಒಂದು ಶತಮಾನ ನಡೆಯಿತು. 1921ರಲ್ಲಿ ರಾಜಿಯಾಗಿ ಎಸ್ಟೇಟ್ ಸರಕಾರಕ್ಕೆ ಬಂತು. ಅಲ್ಲಿಂದ ತೋಟದ ಮೂರನೆಯ ಬಳಕೆ ಆರಂಭ. ಮೊದಲು ಅಡುಗೆಗೆ, ಆಮೇಲೆ ಗೇಣಿಗೆ, ಈಗ ನೋಡುವವರ ಕಣ್ಣಿಗೆ.

1931ರಲ್ಲಿ ಹಳೆಯ ತೋಟದ ನೆಲದಲ್ಲಿ ಒಂದು ಭಾಗವನ್ನು ಅಲಂಕಾರದ ಉದ್ಯಾನವಾಗಿ ಮಾಡಿದರು. 1951ರಲ್ಲಿ ಅದನ್ನು ವಿಸ್ತರಿಸಿದರು. 1950ರ ದಶಕದಲ್ಲಿ ಸಂಗೀತ ನೃತ್ಯೋತ್ಸವಕ್ಕೆಂದು ಅಲ್ಲೇ ಬಯಲು ರಂಗಮಂದಿರ ಬಂತು. ಇಂದು ಪ್ರವಾಸಿಗಳು ಮೊದಲು ಕಾಣುವ ಎತ್ತರದ ಹಸಿರು ಬೇಲಿಗಳು, ಗುಲಾಬಿ, ಉದ್ದನೆಯ ಕೊಳ ಇವೆಲ್ಲ 20ನೇ ಶತಮಾನದ ಕೆಲಸ. ಬಹಳ ಮಂದಿ ಅದನ್ನೇ ಸುಲ್ತಾನರ ತೋಟವೆಂದು ತಿಳಿದು ಫೋಟೊ ತೆಗೆದುಕೊಳ್ಳುತ್ತಾರೆ. ಸುಲ್ತಾನರ ಕಾಲದ ನಿಜವಾದ ಗುರುತು ಕಣ್ಣಿಗೆ ಬಿದ್ದದ್ದು ಒಂದು ಅನಾಹುತದಿಂದ. 1958ರಲ್ಲಿ ಮನೆಯ ಒಂದು ಭಾಗಕ್ಕೆ ಬೆಂಕಿ ಬಿತ್ತು. ದುರಸ್ತಿಗೆಂದು ಅಂಗಳ ಅಗೆದಾಗ, ಮೇಲ್ಮಣ್ಣಿನ ಅಡಿಯಲ್ಲಿ ನಸ್ರಿದ್ ಕಾಲದ ಪಾತಿಗಳು ಮತ್ತು ಕಾಲುವೆಯಿಂದ ಪಾತಿಗೆ ನೀರು ಬಿಡುತ್ತಿದ್ದ ಕಿಂಡಿಗಳು ಹಾಗೆಯೇ ಸಿಕ್ಕವು.

1984ರಲ್ಲಿ ಅಲ್‌ಹಂಬ್ರ ಮತ್ತು ಹೆನೆರಾಲಿಫೆ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಈಗ ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆ. ಉಳಿದ ತರಕಾರಿ ತೋಟಗಳನ್ನು ಅಲ್ಲಿನ ಆಡಳಿತ ಮಂಡಳಿ ಹಳೆಯ ರೀತಿಯಲ್ಲೇ ಬೇಸಾಯ ಮಾಡಿಸುತ್ತದೆ. ಪ್ರದರ್ಶನದ ಕಾಲದಲ್ಲಿಯೂ ಉಳುವ ನೆಲ ಉಳಿಯಬೇಕೆಂದು ಅವರಿಗೆ ಅನಿಸಿದ್ದು ಮೆಚ್ಚಬೇಕಾದ ಸಂಗತಿ. ಗೋಡೆ ಪಾಳು ಬಿದ್ದರೆ ಮತ್ತೆ ಕಟ್ಟಬಹುದು. ಉಳುಮೆಯ ರೂಢಿ ನಿಂತುಹೋದರೆ ಮತ್ತೆ ಹುಟ್ಟಿಸುವುದು ಕಷ್ಟ.

ಮಾತಿನಲ್ಲಿ ಉಳಿದದ್ದು

ಸ್ಪೇನಿನ ರೈತ ಇಂದಿಗೂ ಕಾಲುವೆಗೆ ‘ಅಸೆಕಿಯಾ’ ಎನ್ನುತ್ತಾನೆ. ಅದು ನಮ್ಮ ಮದ್ರಸ ಮಕ್ಕಳಿಗೂ ಗೊತ್ತಿರುವ ಅರಬಿಯ ‘ಸಾಖಿಯಾ’. ಕೊಳಕ್ಕೆ ‘ಅಲ್‌ಬೆರ್ಕಾ’, ಅಂದರೆ ಬಿರ್ಕಾ. ನೀರೆತ್ತುವ ಚಕ್ರಕ್ಕೆ ‘ನೋರಿಯಾ’, ಅಂದರೆ ನಾಊರಾ. ವೆಲೆನ್ಸಿಯಾದಲ್ಲಿ ಹಳೆಯ ಜಾಮಿಅ ಮಸೀದಿ ಇದ್ದ ಜಾಗದಲ್ಲಿ ನಿಂತಿರುವ ಕ್ಯಾಥೆಡ್ರಲ್‌ನ ಬಾಗಿಲಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ರೈತರ ನೀರಿನ ಪಂಚಾಯತಿ ಸೇರುತ್ತದೆ. ಯಾರ ಸರದಿ, ಯಾರು ಹೆಚ್ಚು ನೀರು ತಿರುಗಿಸಿಕೊಂಡರು ಎಂಬುದನ್ನು ಬಾಯಿಮಾತಿನಲ್ಲೇ ತೀರ್ಮಾನಿಸುತ್ತಾರೆ. ನಮ್ಮ ಹಳೆಯ ಕೆರೆಗಳ ನೀರುಗಂಟಿಗಳನ್ನು ನೆನಪಿರುವ ಹಿರಿಯರಿಗೆ ಇದು ಪರಿಚಿತ ದೃಶ್ಯ. 2009ರಲ್ಲಿ ಯುನೆಸ್ಕೊ ಇದಕ್ಕೂ ಮಾನ್ಯತೆ ಕೊಟ್ಟಿತು.

ಪ್ರವಾದಿ(ಸ)ರ ಕಾಲದಲ್ಲಿ ಮದೀನಾದಲ್ಲಿ ಝುಬೈರ್(ರ) ಮತ್ತು ಒಬ್ಬ ಅನ್ಸಾರಿಯ ನಡುವೆ ತೋಟದ ನೀರಿನ ವಿಷಯಕ್ಕೆ ತಕರಾರು ಬಂದಾಗ, ಮೇಲ್ಗಡೆಯವನು ತನ್ನ ಅಗತ್ಯಕ್ಕೆ ಬಳಸಿ ಕೆಳಗಿನವನಿಗೆ ಬಿಡಬೇಕೆಂದು ಪ್ರವಾದಿ(ಸ) ತೀರ್ಪು ಕೊಟ್ಟದ್ದು ಹದೀಸ್ ಗ್ರಂಥಗಳಲ್ಲಿದೆ. ಮೇಲ್ಗಡೆಯ ಪಾಲು, ಕೆಳಗಿನ ಪಾಲು ಎಂಬ ಈ ನ್ಯಾಯಪ್ರಜ್ಞೆ ಇಲ್ಲದೆ ಯಾವ ಕಾಲುವೆಯೂ ಏಳು ಶತಮಾನ ಹರಿಯಲಾರದು.

ನಮ್ಮ ಹಿತ್ತಲು

ಈ ಚರಿತ್ರೆಯಿಂದ ನಮಗೆ ಹೊಳೆಯುವುದು ಇಷ್ಟು. ಹೆನೆರಾಲಿಫೆಗೆ ಸುಲ್ತಾನ, ರಾಣಿ, ಪಾಲಕ, ಸರಕಾರ ಎಂದು ಒಡೆಯರು ಬದಲಾದರು. ಪ್ರತಿಯೊಬ್ಬರ ಹೆಸರೂ ದಾಖಲೆಯಲ್ಲಿದೆ. ಪ್ರತಿದಿನ ಗುದ್ದಲಿ ಹಿಡಿದವನ ಹೆಸರು ಎಲ್ಲಿಯೂ ಇಲ್ಲ. ಆದರೂ ಇಂದು ಅಲ್ಲಿ ಹಸಿರು ಇರುವುದು ಆ ಹೆಸರಿಲ್ಲದವರಿಂದ. ಗಿಡ ನೆಟ್ಟವನಿಗೆ, ಅದರಿಂದ ಹಕ್ಕಿ ತಿಂದರೂ ಮನುಷ್ಯ ತಿಂದರೂ ಸದಖಾದ ಪ್ರತಿಫಲವಿದೆ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ತಿನ್ನುವವನು ಯಾವ ಧರ್ಮದವನು, ನೆಟ್ಟವನನ್ನು ಬಲ್ಲನೇ ಇಲ್ಲವೇ ಎಂಬ ಷರತ್ತು ಅದರಲ್ಲಿಲ್ಲ. ಗಡೀಪಾರಾದವರ ನೆಲದಲ್ಲಿ ಇಂದು ಬೆಳೆದು ಯಾರೋ ಉಣ್ಣುವ ಬದನೆಯಲ್ಲಿಯೂ ಅವರಿಗೆ ಪಾಲಿದೆ ಎಂದು ನಾವು ನಂಬಬಹುದು.

ಆದರೆ ಅಂದಲುಸನ್ನು ನೆನೆದು ಕಣ್ಣೀರಿಡುವ ನಮ್ಮ ಕೈಯಲ್ಲಿ ಏನಿದೆ ಎಂದೂ ನೋಡಿಕೊಳ್ಳಬೇಕು. ನಮ್ಮ ಮನೆಗಳ ಹಿಂದೆ ಹಿತ್ತಲು ಇತ್ತು. ಬಸಳೆಯ ಚಪ್ಪರ, ನುಗ್ಗೆ, ಕರಿಬೇವು, ಬಾಳೆ, ಅಜ್ಜಿಯ ಬದನೆ ಪಾತಿ. ಪಾತ್ರೆ ತೊಳೆದ ನೀರು ಬಾಳೆಯ ಬುಡಕ್ಕೆ ಹೋಗುತ್ತಿತ್ತು. ಈಗ ಬಹಳ ಮನೆಗಳಲ್ಲಿ ಅಲ್ಲಿ ಇಂಟರ್‌ಲಾಕ್ ಹಾಸಿದೆ, ತರಕಾರಿ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ. ಮಸೀದಿಯ ಹೌಝಿನ ನೀರು, ದಿನಕ್ಕೆ ಐದು ಹೊತ್ತು ವುಝೂ ಮಾಡಿದ ಶುದ್ಧ ನೀರು, ನೇರ ಚರಂಡಿಗೆ ಹೋಗುತ್ತದೆ. ಮಸೀದಿ, ಮದ್ರಸಗಳಿಗಾಗಿ ಹಿರಿಯರು ವಕ್ಫ್ ಮಾಡಿದ ನೆಲ ಕೆಲವು ಕಡೆ ಮುಳ್ಳು ಬೆಳೆದು ಬಿದ್ದಿದೆ. ಬೇರೆಯವರು ಕಣ್ಣು ಹಾಕಿದಾಗ ಮಾತ್ರ ಅದು ನಮ್ಮದೆಂದು ನಮಗೆ ನೆನಪಾಗುತ್ತದೆ. ದಾಖಲೆ ಜೋಪಾನ ಮಾಡಬೇಕು, ನಿಜ. ಗ್ರಾನಡಾದವರ ಕೈಯಲ್ಲಿಯೂ ಸಹಿ ಬಿದ್ದ ಒಪ್ಪಂದವಿತ್ತು. ಕಾಗದ ಇಟ್ಟುಕೊಂಡ ಮಾತ್ರಕ್ಕೆ ನೆಲ ಜೀವಂತವಾಗಿ ಉಳಿಯುವುದಿಲ್ಲ. ದಿನವೂ ಕಾಲಿಡುವವರು, ನೀರು ಬಿಡುವವರು, ಫಲವನ್ನು ಹಂಚುವವರು ಇರಬೇಕು.

ದೊಡ್ಡ ಯೋಜನೆಯ ಮಾತಲ್ಲ ಇದು. ವುಝೂ ನೀರನ್ನು ಒಂದು ಪೈಪಿನಲ್ಲಿ ಮಸೀದಿಯ ಹಿಂಬದಿಗೆ ತಿರುಗಿಸಿದರೆ ಹತ್ತು ಬಾಳೆ, ನಾಲ್ಕು ಪಪ್ಪಾಯಿ, ಎರಡು ಸಾಲು ಬದನೆ ಆಗುತ್ತದೆ. ರಮಳಾನಿನ ಇಫ್ತಾರಿಗೆ ಹಣ್ಣು, ಮೊಹಲ್ಲಾದ ಬಡವರ ಮನೆಗೆ ತರಕಾರಿ. ಮದ್ರಸದ ಮಕ್ಕಳಿಗೆ ವಾರಕ್ಕೊಂದು ಗಂಟೆ ಹಾರೆ ಹಿಡಿಸಿದರೆ ಓದು ಕೆಡುವುದಿಲ್ಲ. ಇಬ್ನುಲ್ ಅವ್ವಾಮ್‌ರಂಥ ವಿದ್ವಾಂಸರ ಪರಂಪರೆಗೆ ಅದು ಹತ್ತಿರದ ದಾರಿ. ಮುಖ್ಯವಾಗಿ, ಬೀಜ ಇಡುವುದು, ಪಾತಿ ಮಾಡುವುದು, ಯಾವ ತಿಂಗಳಲ್ಲಿ ಏನು ನೆಡಬೇಕೆಂಬುದು ಇನ್ನೂ ನಮ್ಮ ಹಿರಿಯ ತಾಯಂದಿರ ಕೈಯಲ್ಲಿದೆ. ಅವರು ಇರುವಾಗಲೇ ಕೇಳಿ ಕಲಿತುಕೊಳ್ಳೋಣ. ಕೈಗಳು ಹೋದ ಮೇಲೆ ಪುಸ್ತಕ ಹುಡುಕುವ ಪಾಡು ನಮಗೆ ಬಾರದಿರಲಿ.

ನಮ್ಮ ಕೈಗೆ ಬಂದ ನೆಲವನ್ನೂ ನೀರನ್ನೂ ಅಮಾನತ್ತೆಂದು ತಿಳಿದು, ನಂತರ ಬರುವವರಿಗೆ ಹಸಿರಾಗಿ ಒಪ್ಪಿಸುವ ತೌಫೀಖನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.